ಬೋರ್ಡಿನ ಮೇಲಿದ್ದ ಪಾಸ್‌ವರ್ಡ್

ಅರಸೀಕೆರೆಯ ನಮ್ಮ ಕೊಬ್ಬರಿ ಮಂಡಿಯ ಕಂಪ್ಯೂಟರ್ ನೋಡಿಕೊಳ್ಳಲು ಬಾಣಾವರದಿಂದ ರೈಲಿನಲ್ಲಿ ಬರುತ್ತಿದ್ದವರೊಬ್ಬರಿದ್ದರು. ಮೊದಲ ದಿನ ಅವರು ಒಳಗೇ ಬರಲಿಲ್ಲ. ಬೀದಿಯಲ್ಲಿ ನಿಂತು ನಮ್ಮ ಬೋರ್ಡು ಓದಿದರು, ಮೊಬೈಲಿನಲ್ಲಿ ಏನೋ ಒತ್ತಿದರು. ಆಮೇಲೆ ಬಂದು, ನಾವು ಟೆಂಡರಿಗೆಂದು ಕಂಪ್ಯೂಟರಿನಲ್ಲಿ ಗುಟ್ಟಾಗಿ ಬರೆದಿಟ್ಟಿದ್ದ ದರವನ್ನು ತಮ್ಮ ಮೊಬೈಲಿನಲ್ಲೇ ತೋರಿಸಿದರು.

ಬೋರ್ಡಿನ ನೆತ್ತಿಯ ಮೇಲೆ 'ಶ್ರೀ ವೀರಭದ್ರೇಶ್ವರ ಪ್ರಸನ್ನ' ಎಂದಿತ್ತು. ವೈಫೈ ಪಾಸ್‌ವರ್ಡೂ ವೀರಭದ್ರೇಶ್ವರನೇ.

"ಮನೆದೇವ್ರು ಕಣಪ್ಪ, ಕಾಯ್ತಾನೆ ಅಂತ ಇಟ್ಟೆ," ಎಂದರು ಅಪ್ಪ.

"ಕಾಯ್ತಾನೆ ಯಜಮಾನ್ರೇ. ಆದ್ರೆ ಅವನ ಗುಡಿಗೂ ನಾವು ಬೀಗ ಹಾಕ್ತೀವಲ್ಲ?"

ನನ್ನ ಮಾತನ್ನು ಎಂದೂ ಕೇಳದ ಅಪ್ಪ ಅಂದೇ ಪಾಸ್‌ವರ್ಡ್ ಬದಲಿಸಿದರು. ಅಪ್ಪ ಒತ್ತುವಾಗ ಇವರು ಕೊಬ್ಬರಿ ಚೀಲಗಳ ಕಡೆ ಮುಖ ತಿರುಗಿಸಿ ನಿಂತು, "ನಂಗೂ ಹೇಳ್ಬೇಡಿ," ಎಂದರು. ಆಮೇಲೆ ಬಂದಾಗಲೆಲ್ಲ ಅದೇ ಮಾತು, ಚೀಲಗಳ ಕಡೆಗೆ ಅದೇ ಮುಖ.

ಒಮ್ಮೆ ಅವರು ಅಂಗಡಿಯಲ್ಲಿದ್ದಾಗ ಅವರ ಮಗಳು ಆಸ್ಪತ್ರೆಯಿಂದ ವೀಡಿಯೊ ಕರೆ ಮಾಡಿದಳು. ಆಗಷ್ಟೇ ಹುಟ್ಟಿದ ಮೊಮ್ಮಗುವನ್ನು ತೋರಿಸಬೇಕಿತ್ತು. ನಮ್ಮ ದಪ್ಪ ಗೋಡೆಗಳ ನಡುವೆ ಅವರ ಮೊಬೈಲಿಗೆ ಸಿಗ್ನಲ್ ಸಾಲದೆ ಚಿತ್ರ ಮೂಡಲಿಲ್ಲ. "ನಮ್ ವೈಫೈಗೆ ಹಾಕ್ಕೊಳ್ಳಿ, ಪಾಸ್‌ವರ್ಡು..." ಎಂದು ಅಪ್ಪ ಶುರು ಮಾಡುವಷ್ಟರಲ್ಲಿ ಅವರು ಕೈ ಎತ್ತಿದರು. "ನಂಗೂ ಹೇಳ್ಬೇಡಿ!" ಎನ್ನುತ್ತಲೇ ಬೀದಿಗೆ ಓಡಿದರು.

ಬಿಸಿಲಿನಲ್ಲಿ ನಿಂತು ಮಗುವನ್ನು ನೋಡಿ ನಗುತ್ತಿದ್ದರು. ಅಪ್ಪ, ಬೇರೆ ಯಾರನ್ನೂ ಕೂರಗೊಡದ ತಮ್ಮ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಅವರ ಹಿಂದೆ ಇಟ್ಟರು.