ಅಂತರಪಟದ ಎರಡು ತುದಿ

ರವಿವಾರ ಮಧ್ಯಾಹ್ನ ನಾನು ಕಪಾಟು ಜೋಡಿಸುತ್ತೇನೆ. ಇಂದು ಕೆಳಗಿನ ಖಾನೆಯಿಂದ ಅರಿಷಿಣದ ವಾಸನೆ ಬಂತು. ಗಂಟು ಬಿಚ್ಚಿದರೆ, ಅಂತರಪಟ. ಮುಹೂರ್ತದವರೆಗೆ ವಧೂವರರ ನಡುವೆ ಹಿಡಿಯುತ್ತಾರಲ್ಲ, ಆ ಬಟ್ಟೆ.

ಹೋದ ವರ್ಷ ತಮ್ಮನ ಮಗಳ ಮದುವೆ ಬಾಲಿ ದ್ವೀಪದಲ್ಲಾಯಿತು. ಧಾರವಾಡದಲ್ಲಿ ಮಂಗಲ ಕಾರ್ಯಾಲಯಗಳಿಗೆ ಬರವೇ ಎಂದು ಕೇಳಬೇಡಿ. ನಾನು ಕೇಳಿ ಬೈಸಿಕೊಂಡಿದ್ದೇನೆ. ಒಂಟಿ ಹಿರಿಯರು ಇಬ್ಬರೇ ಇದ್ದೆವು. ಮದುವೆಯಾಗದೆ ಗಣಿತ ಕಲಿಸಿ ನಿವೃತ್ತಳಾದ ನಾನು. ಹುಬ್ಬಳ್ಳಿಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ, ಹೆಂಡತಿಯನ್ನು ಕಳೆದುಕೊಂಡಿದ್ದ, ವರನ ಕಾಕಾ ವಾಮನರಾಯರು. ವಿಮಾನದಲ್ಲಿ ನಮ್ಮನ್ನು ಜೋಡಿಯಾಗಿ ಕೂಡಿಸಿದರು. ಅಂತರಪಟ ಹಿಡಿಯುವ ಕೆಲಸವೂ ನಮಗೇ ಬಂತು.

ನಾನು ವಿಮಾನ ನಿಲ್ದಾಣಕ್ಕೆ ಐದು ತಾಸು ಮೊದಲೇ ಹೋಗಿ ಕೂತವಳು. ಅವರು ಕೊನೆಯ ಕರೆಗೆ ಓಡಿ ಬಂದವರು. ಬಾಲಿಯಲ್ಲಿ ಎಲ್ಲರೂ ಗಡಿಯಾರವನ್ನು ಎರಡೂವರೆ ತಾಸು ಮುಂದೆ ಮಾಡಿದರು. ನಾನು ಮಾಡಲಿಲ್ಲ. ನಾಲ್ಕು ದಿನಕ್ಕಾಗಿ ಮಾತ್ರೆಯ ಹೊತ್ತು ಕೆಡಿಸಬೇಕೆ? ಬೇಕಾದಾಗ ಮನಸ್ಸಿನಲ್ಲೇ ಕೂಡಿಸುತ್ತಿದ್ದೆ. ಮದುವೆಯ ಮುಂಜಾನೆ ಕೂಡಿಸುವುದನ್ನು ಮರೆತೆ.

ಯಾರೋ ಬಾಗಿಲು ಬಡಿದರು. ತೆರೆದರೆ ರಾಯರು. ನನ್ನ ವಿದ್ಯಾರ್ಥಿಗಳಂತೆ ಅವರೂ ನನ್ನನ್ನು ‘ಬಾಯಾರ’ ಎನ್ನುತ್ತಿದ್ದರು.

“ಬಾಯಾರ, ಬಸ್ ಹೋಗಿ ಅರ್ಧಾ ತಾಸಾತು! ನೀವು ಮೊದಲನೇ ಬಸ್ಸಿನ್ಯಾಗ ಹೋಗೀರಿ ಅಂತ ಎಲ್ಲಾರೂ ತಿಳದಾರ.”

“ನನ್ನ ಗಡಿಯಾರ ತಪ್ಪಂಗಿಲ್ಲ.”

“ಗಡಿಯಾರ ಬರೋಬ್ಬರಿ ಅದರಿ. ಊರು ಬ್ಯಾರೆ.”

“ಮತ್ತ ನೀವ್ಯಾಕ ಹೋಗ್ಲಿಲ್ಲ?”

“ನಾ ಎಂದರ ವ್ಯಾಳ್ಯಾಕ್ಕ ಬಸ್ ಹಿಡದೇನೇನ್ರಿ?”

ಅಂತರಪಟ ನನ್ನ ಚೀಲದಲ್ಲಿತ್ತು. ಟ್ಯಾಕ್ಸಿ ಹಿಡಿದು ಮುಟ್ಟಿದಾಗ ಭಟ್ಟರು ಬಾಗಿಲ ಕಡೆಗೇ ನೋಡುತ್ತಿದ್ದರು. ಎತ್ತರದ ರಾಯರ ಕಡೆ ಬಟ್ಟೆ ಏರಿತು, ನನ್ನ ಕಡೆ ಇಳಿಯಿತು. ಮಂಗಲಾಷ್ಟಕ ಮುಗಿಯುವವರೆಗೂ ಅವರು ಮೊಣಕಾಲು ಬಗ್ಗಿಸಿ ನಿಂತರು.

ಮರಳುವ ವಿಮಾನದಲ್ಲಿ ಕೇಳಿಯೇಬಿಟ್ಟರು: “ಬಾಯಾರ, ನಾವೂ ಲಗ್ನಾ ಮಾಡ್ಕೊಂಡ್ರ ಹೆಂಗ?”

ನನ್ನ ವೇಳಾಪಟ್ಟಿಯಲ್ಲಿ ಇನ್ನೊಬ್ಬರಿಗೆ ಜಾಗ ಇರಲಿಲ್ಲ. ಇಲ್ಲ ಎನ್ನಲು ಬಾಯಿಯೂ ಬರಲಿಲ್ಲ. “ಒಂದ ರವಿವಾರ ಸರಿಯಾಗಿ ನಾಲ್ಕಕ್ಕ ಚಹಾಕ್ಕ ಬಂದು ತೋರಸ್ರಿ. ಆಮ್ಯಾಲೆ ಹೇಳತೇನಿ,” ಎಂದೆ.

ಅಂದಿನಿಂದ ಪ್ರತಿ ರವಿವಾರ ಬಂದರು, ನಾಲ್ಕೂವರೆಗೆ. ಒಮ್ಮೆ ಬಸ್ಸು, ಒಮ್ಮೆ ಗಿರಾಕಿ, ಒಮ್ಮೆ ಸುಮ್ಮನೆ.

ಇಂದು ಅಂತರಪಟ ಮಡಿಸುತ್ತಿರುವಾಗಲೇ ಗೇಟು ಕಿರ್ರೆಂದಿತು. ಗೋಡೆಯ ಗಡಿಯಾರ ನೋಡಿದೆ. ಸರಿಯಾಗಿ ನಾಲ್ಕು. ರಾಯರು ಬೆವರುತ್ತ ನಿಂತಿದ್ದರು.

“ಬಂದೇನಿ ನೋಡ್ರಿ! ಚಹಾ ಎಲ್ಲೆ?”

ಒಲೆ ಹಚ್ಚಿರಲಿಲ್ಲ. ಎಷ್ಟೋ ತಿಂಗಳಿಂದ ನಾನು ಚಹಾ ಇಡುವುದೇ ನಾಲ್ಕೂವರೆಗೆ.

“ಹೇಳದ ಕೇಳದ ಇಷ್ಟ ಲಗೂ ಬಂದ್ರ ಹೆಂಗ್ರಿ?” ಎಂದೆ.

ಅವರು ತಣ್ಣಗಿದ್ದ ಒಲೆ ನೋಡಿದರು, ನನ್ನನ್ನು ನೋಡಿದರು, ಸಾವಕಾಶ ಕುರ್ಚಿ ಎಳೆದು ಕೂತರು. ಲಗ್ನದ ಮಾತಿಗೆ ಉತ್ತರ ಕೇಳಲಿಲ್ಲ.

ಅಂತರಪಟವನ್ನು ಮೇಲಿನ ಖಾನೆಯಲ್ಲಿಟ್ಟೆ, ಕೈಗೆ ಸಿಗುವಂತೆ. ಈ ಸಲ ಹಿಡಿಯಲು ಬೇರೆ ಇಬ್ಬರನ್ನು ಹುಡುಕಬೇಕು.