ಇಲ್ಲದ ಹುಳ ಮತ್ತು ಡಾಕ್ಟರಬಾಯಿ

ಡಾಕ್ಟರಬಾಯಿಯ ಬಲಗಣ್ಣಿನ ಸುತ್ತ ಸದಾ ಒಂದು ದುಂಡನೆಯ ಗುರುತು. ಸೂಕ್ಷ್ಮದರ್ಶಕಕ್ಕೆ ಕಣ್ಣು ಒತ್ತಿ ಒತ್ತಿ ಬಿದ್ದದ್ದು. ಗೋಳಗುಮ್ಮಟದ ಹತ್ತಿರ ಅವರ ದವಾಖಾನೆ. ನಡೆಯುವುದೆಂದರೆ ಅವರಿಗೆ ಓಡುವುದು. ಚಹಾ ಆರಿ ಕೆನೆಗಟ್ಟಿದ ಮೇಲೆ ನೆನಪಾಗಿ ನಿಂತಲ್ಲೇ ಗಟಗಟ ಕುಡಿಯುತ್ತಿದ್ದರು.

ನಲವತ್ತರ ದಶಕದ ಮಾತು. ನಾನು ಬಬಲೇಶ್ವರದ ಹೊಸ ಸೊಸೆ. ಮದುವೆಯಾದ ವರ್ಷವೇ ಭೇದಿ ಹತ್ತಿತು, ಅದರಲ್ಲಿ ರಕ್ತ. ಅಂಟುರೋಗವೆಂದು ಅತ್ತೆ ಮೊದಲು ನನ್ನ ತಾಟನ್ನು ಬೇರೆ ಇಟ್ಟರು, ಆಮೇಲೆ ನನ್ನನ್ನೇ ತಿಕೋಟಾದ ತವರಿಗೆ ಕಳಿಸಿದರು. ಗಂಡನಿಗೆ ಇನ್ನೊಂದು ಹೆಣ್ಣು ನೋಡುವ ಸುದ್ದಿಯೂ ಹಿಂದೆಯೇ ಬಂತು. ರಕ್ತಭೇದಿ ಎಂದರೆ ಕಣ್ಣಿಗೆ ಕಾಣದ ಹುಳದ್ದೇ ಎಂದು ಆಗ ಎಲ್ಲರ ನಂಬಿಕೆ. ಹುಳ ಸಾಯಲೆಂದು ವೈದ್ಯರೊಬ್ಬರು ಸೂಜಿಯ ಮೇಲೆ ಸೂಜಿ ಚುಚ್ಚಿದರು. ಅಪ್ಪ ಅದಕ್ಕಾಗಿ ಎತ್ತು ಮಾರಿದ. ಉಂಡರೆ ಹುಳಕ್ಕೆ ಬಲ ಬರುತ್ತದೆಂದು ಅವ್ವ ಬರೀ ಗಂಜಿತಿಳಿ ಕೊಟ್ಟಳು. ರಕ್ತ ನಿಲ್ಲಲಿಲ್ಲ, ಮೇಲೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ನಾನು ಸಾಯುತ್ತೇನೆಂದೇ ತಿಳಿದಿದ್ದೆ.

ಕೊನೆಗೆ ಅವ್ವ ನಾಚಿಕೆ ಬಿಟ್ಟು, ನನ್ನ ಭೇದಿಯನ್ನು ಕುಡಿಕೆಗೆ ಹಾಕಿ, ಕೆಡಬಾರದೆಂದು ಒದ್ದೆ ಬಟ್ಟೆ ಸುತ್ತಿ, ಹಾಲಿನಷ್ಟು ಜೋಪಾನವಾಗಿ ವಿಜಾಪುರಕ್ಕೆ ಒಯ್ದಳು. ಡಾಕ್ಟರಬಾಯಿ ಹಣೆ ಹಣೆ ಬಡಿದುಕೊಂಡರಂತೆ. ತಣ್ಣಗಾದರೆ ಹುಳ ಇದ್ದರೂ ಅಲುಗುವುದಿಲ್ಲ, ಬೆಚ್ಚಗಿರುವಾಗಲೇ ನೋಡಬೇಕು, ಕುಡಿಕೆ ಬಿಟ್ಟು ಮಗಳನ್ನು ತಾ ಎಂದರಂತೆ.

ನನ್ನನ್ನು ದವಾಖಾನೆಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡರು. ನಾನು ಹಿತ್ತಲಿಗೆ ಹೋಗಿ ಬಂದೆನೆಂದರೆ ಉಣ್ಣುವುದನ್ನೂ ಬಿಟ್ಟು ಏಳುತ್ತಿದ್ದರು. ನನಗೆ ನಾಚಿಕೆಯಿಂದ ಜೀವ ಹೋಗುತ್ತಿತ್ತು, ಅವರಿಗೆ ಹಬ್ಬ! ದಿನವೂ ನೋಡಿದರು. ಒಂದು ಮುಂಜಾನೆ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದವರೇ ಬಂದು ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿದರು.

"ಹುಳಾ ಇಲ್ಲ ತಂಗಿ, ಒಂದೂ ಇಲ್ಲ. ಕರಳಾಗ ಹುಣ್ಣ ಆಗ್ಯಾವ. ಇಲ್ಲದ ಹುಳಾ ಕೊಲ್ಲಾಕ ಹೋಗಿ ನಿನ್ನ ಕೊಲ್ಲಾಕತ್ತಿದ್ರು."

ಇನ್ನು ಸೂಜಿ ಬೇಡವೆಂದರು. ಮೆತ್ತನೆಯ ಅನ್ನ, ಹೆಸರುಬೇಳೆಯ ಕಟ್ಟು, ಬಾಳೆಹಣ್ಣು, ಹೊಟ್ಟೆ ತುಂಬ. ನಿಧಾನವಾಗಿ ರಕ್ತವೂ ನಿಂತಿತು. ಆದರೆ ಡಾಕ್ಟರಬಾಯಿ ನಿಲ್ಲಬೇಕಲ್ಲ! ಈ ರೋಗ ಯಾಕೆ ಬರುತ್ತದೆ ಎಂಬುದು ಅವರ ತಲೆ ಹೊಕ್ಕಿತ್ತು. ಟಾಂಗಾ ಹತ್ತಿ ಅರಕೇರಿಗೆ ಹೋದರು, ಅಥಣಿ ರಸ್ತೆಯ ಹಳ್ಳಿಗಳಿಗೆ ಹೋದರು, ನನ್ನಂಥವರನ್ನು ಹುಡುಕಿದರು. ಏನು ಉಣ್ಣುತ್ತೀರಿ, ಮನೆಯಲ್ಲಿ ಹಿಂದೆ ಯಾರಿಗಾದರೂ ಇತ್ತೇ, ಯಾವ ಚಿಂತೆ ಹಚ್ಚಿಕೊಂಡಿದ್ದಿರಿ ಎಂದು ಕೇಳಿದರು. ಜನ ಬಾಯಿಗೆ ಸೆರಗು ಹಿಡಿದು ನಕ್ಕರು. ಕಾರಣ ಸಿಗಲಿಲ್ಲ. ಒಂದು ಮಾತ್ರ ಗಟ್ಟಿಯಾಯಿತು: ರೋಗಿಯ ಜೊತೆ ಉಂಡರೆಂದು ಯಾರಿಗೂ ಅದು ಬಂದಿರಲಿಲ್ಲ.

ಆ ಒಂದು ಮಾತು ಹಿಡಿದುಕೊಂಡು ನನ್ನನ್ನು ಬಬಲೇಶ್ವರಕ್ಕೆ ಕರೆದೊಯ್ದರು. ಅತ್ತೆ ನನಗೆ ಬಾಗಿಲ ಬಳಿ ಬೇರೆಯೇ ಬಡಿಸಿದರು. ಅರ್ಧ ಉಂಡಿದ್ದೆ, ಅಷ್ಟರಲ್ಲಿ ಡಾಕ್ಟರಬಾಯಿ ಎದ್ದು ಬಂದು ನನ್ನ ತಾಟು ಎಳೆದುಕೊಂಡರು. ಉಳಿದ ಎಂಜಲು ರೊಟ್ಟಿ, ಪಲ್ಯವನ್ನು ಎಲ್ಲರೆದುರು ಕೂತು ಉಂಡರು.

"ಇದು ಮತ್ತ ಬರಬಹುದ್ರಿ, ಸುಳ್ಳ ಹೇಳೂದಿಲ್ಲ. ಆದ್ರ ನಿಮಗ ಹತ್ತೂದಿಲ್ಲ. ಸೊಸಿನ್ನ ಒಳಗ ಕರಕೋರಿ."

ಸಂಜೆ ಅತ್ತೆ ನನ್ನ ತಾಟನ್ನು ಎಲ್ಲರ ಸಾಲಿಗೆ ತಂದಿಟ್ಟರು. ಇನ್ನೊಂದು ಹೆಣ್ಣಿನ ಮಾತು ಅಲ್ಲಿಗೇ ಮುಗಿಯಿತು.

ಮುಂದೆ ರೋಗ ಬಂದು ಹೋಗಿ ಮಾಡಿತು, ಪ್ರತಿ ಸಲವೂ ಡಾಕ್ಟರಬಾಯಿಯೇ ಸಂಭಾಳಿಸಿದರು. ನನಗೆ ಮಕ್ಕಳಾದವು. ಕಾರಣ ಗೊತ್ತಾಗಲಿಲ್ಲವಲ್ಲ ಎಂಬ ಚಡಪಡಿಕೆ ಮಾತ್ರ ಅವರನ್ನು ಬಿಡಲೇ ಇಲ್ಲ. ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಕೈ ಹಾಗೇ ನಿಂತಿತು, ಅಳುವೂ ಬರಲಿಲ್ಲ. ಅತ್ತೆಯೇ ಎದ್ದು ಬಂದು ಒಲೆಯಲ್ಲಿ ಉರಿಯುವ ಕಟ್ಟಿಗೆಗಳನ್ನು ಹೊರಗೆಳೆದು ನೀರು ಚಿಮುಕಿಸಿದರು.

"ಇವತ್ತ ಒಲಿ ಹಚ್ಚೂದು ಬ್ಯಾಡವಾ," ಎಂದರು. "ನಮ್ಮ ಮನಿ ಮಂದೀನ ಹೋಗ್ಯಾರ."