ತವರುಮನೆಯ ವೈರು

ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಕೊಟ್ಟೂರಿನಲ್ಲಿ ಗಾಡಿಗಳಿಗೆ ಬಾಡಿ ಕಟ್ಟುತ್ತಲೇ ತಲೆ ನರೆತಿದೆ. ನನ್ನ ಕೆಲಸದಲ್ಲಿ ಇದುವರೆಗೆ ಯಾರೂ ತಪ್ಪು ಹುಡುಕಿಲ್ಲ. ಹೆಂಡತಿಯ ಶ್ವಾಸಕೋಶ ಕೆಟ್ಟು, ಆಮ್ಲಜನಕದ ಯಂತ್ರ ಬಿಟ್ಟು ಇರಲಾರಳು ಎಂದಾದ ಮೇಲೆ ಹಳೇ ವ್ಯಾನೊಂದನ್ನು ತಂದು ಮನೆ ಮಾಡಿದೆ. ಮಂಚ, ಒಲೆ, ಫ್ಯಾನು, ಹಿಂದುಗಡೆ ಜನರೇಟರ್. ಅವಳಿಗೆ ಕೋಗಳಿಯ ತವರು ನೋಡಬೇಕಿತ್ತು, ಅಷ್ಟೇ.

ವ್ಯಾನಿನೊಳಗೆ ನಾನೇ ಕೂರಿಸಿದ ಸ್ವಿಚ್ಚಿನ ಡಬ್ಬಿ ಇದೆ. ನಿಂತ ಊರಲ್ಲಿ ಯಾರದಾದರೂ ಮನೆಯಿಂದ ವೈರು ಎಳೆದು ಸಿಕ್ಕಿಸಿದರೆ ಆ ಕರೆಂಟನ್ನೇ ಒಳಗೆ ಬಿಡುತ್ತದೆ. ಜನರೇಟರ್ ಶುರುವಾದರೆ, ಅದು ಹದಕ್ಕೆ ಬರುವವರೆಗೆ ಸ್ವಲ್ಪ ಕಾದು, ಟಕ್ ಎಂದು ಮನೆಯ ವೈರನ್ನು ಬಿಟ್ಟು ಜನರೇಟರನ್ನು ಹಿಡಿಯುತ್ತದೆ. ಮನೆಯಲ್ಲಿ ಕರೆಂಟ್ ಇದ್ದರೂ ಅಷ್ಟೇ. ಎರಡನ್ನೂ ಒಂದಕ್ಕೊಂದು ತಾಗಗೊಡುವುದಿಲ್ಲ. ಆದರೆ ಜನರೇಟರ್ ಹಚ್ಚುವುದು ಮಾತ್ರ ಮನುಷ್ಯನ ಕೈಯಲ್ಲಿ.

ಕೋಗಳಿಯಲ್ಲಿ ಅವಳ ತಮ್ಮನ ಮನೆ ಹೊಲದಲ್ಲಿದೆ, ಪಂಪ್‌ಸೆಟ್ಟಿನ ಲೈನಿನ ಮೇಲೆ. ವ್ಯಾನ್ ನಿಂತದ್ದೇ ತಡ, ವೈರು ಹಿಡಿದು ಓಡಿ ಬಂದ.

"ಅಕ್ಕಾ, ಇನ್ನ ನಮ್ಮ ಮನಿ ಕರೆಂಟ್ ನಿಂಗ. ಮಾಮ, ನಿಮ್ಮ ಡಬಡಬಿ ಜನರೇಟರ್ ಹಚ್ಚೀರಿ ಮತ್ತ, ಊಟ ಹಾಕಂಗಿಲ್ಲ!"

ಅವಳು ನಕ್ಕಳು. ಎಷ್ಟೋ ದಿನಕ್ಕೆ.

ಮಧ್ಯಾಹ್ನ ಪಂಪ್‌ಸೆಟ್ಟುಗಳಿಗೆ ಬಿಡುವ ತ್ರೀಫೇಸ್ ಕರೆಂಟ್ ಬಂತು. ಸುತ್ತಲಿನ ಹೊಲಗಳ ಮೋಟಾರುಗಳಿಗೆಲ್ಲ ಆಟೋ ಸ್ಟಾರ್ಟರ್, ಒಮ್ಮೆಲೇ ಎದ್ದವು. ವೋಲ್ಟೇಜ್ ಬಿದ್ದು ನಮ್ಮ ಫ್ಯಾನು ತೂಕಡಿಸಿತು. ಆಮ್ಲಜನಕದ ಯಂತ್ರ ಪೀಂ ಪೀಂ ಎನ್ನತೊಡಗಿತು. ನಾನು ಜನರೇಟರಿನ ಕಡೆ ಹೊರಟರೆ ಅವನು ಅಡ್ಡ ನಿಂತ.

"ಬ್ಯಾಡ್ರಿ ಮಾಮ. ಅಕ್ಕಗ ಕರೆಂಟ್ ಕೊಡಾಕೂ ಆಗ್ಲಿಲ್ಲ ಇವಗ ಅಂತಾರ ಮಂದಿ. ನಮ್ಮ ಮೋಟ್ರು ಬಂದ್ ಮಾಡಿ ಬರ್ತೀನಿ, ತಡೀರಿ."

ಬದುವಿನ ಮೇಲೆ ಓಡಿದ. ಒಳಗೆ ಅವಳು ನನ್ನ ಅಂಗಿ ಹಿಡಿದಳು. "ಹಚ್ಚಬ್ಯಾಡ್ರಿ… ಅವ ನೊಂದ್ಕಂತಾನ."

ವೋಲ್ಟೇಜಿನ ಮುಳ್ಳು ನೋಡುತ್ತ ನಿಂತೆ. ಅವನ ಮೋಟಾರು ನಿಂತದ್ದು ಕೇಳಿಸಿತು. ಮುಳ್ಳು ಕದಲಲಿಲ್ಲ. ಊರಿನ ಮೋಟಾರುಗಳ ನಡುವೆ ಒಂದು ನಿಂತರೆ ಏನಾದೀತು? ಇಷ್ಟು ಗಾಡಿ ಕಟ್ಟಿದ ಕೈ, ಅವಳ ಹಿಡಿತ ಬಿಡಿಸಿಕೊಳ್ಳಲಾರದೆ ಹಾಗೇ ಇತ್ತು.

ಅವನು ಏದುತ್ತ ಬಂದು ಬಾಗಿಲಲ್ಲಿ ನಿಂತ. ಅಕ್ಕನ ತುಟಿ ನೀಲಿಗೆ ತಿರುಗುತ್ತಿದ್ದುದನ್ನು ನೋಡಿದ. ಆಮೇಲೆ ನನ್ನ ಮುಖ ನೋಡದೆ ಅಂದ:

"ಹಚ್ರಿ ಮಾಮ. ಲಗೂನ ಹಚ್ರಿ."

ಹಚ್ಚಿದೆ. ಸ್ವಿಚ್ಚು ಕಾಯಿತು. ಅದು ಕಾಯುವಷ್ಟೂ ಹೊತ್ತು ನಾವಿಬ್ಬರೂ ಉಸಿರು ಹಿಡಿದಿದ್ದೆವು. ಟಕ್ ಎಂದಿತು. ಯಂತ್ರದ ಕೂಗು ನಿಂತಿತು. ನಿಧಾನಕ್ಕೆ ಅವಳ ಉಸಿರು ಹದಕ್ಕೆ ಬಂತು, ತುಟಿಯ ನೀಲಿ ಇಳಿಯಿತು.

ಇನ್ನು ಬೇಡವಲ್ಲ ಎಂದು ಅವನ ಮನೆಯ ವೈರನ್ನು ಕೀಳಲು ಹೊರಗೆ ಬಂದೆ. ಅವನು ಪ್ಲಗ್ಗಿನ ಮೇಲೆ ಅಂಗೈ ಇಟ್ಟ.

"ಇರ್ಲಿ ಬಿಡ್ರಿ. ಕಿಟಕ್ಯಾಗಿಂದ ಅಕ್ಕಗ ನಮ್ಮ ವೈರು ಕಾಣ್ತತಿ."

ಕೀಳಲಿಲ್ಲ. ಹೊರಡುವವರೆಗೂ ಅದು ಅಲ್ಲೇ ಇತ್ತು.